ಬಿಳಿ ಉಡುಪಿನ ಅಂಚಿಗೆ ಅರಿಶಿನ

ಆ ದೊಡ್ಡ ನೀಲಿ ಪೆಟ್ಟಿಗೆ ಎಲ್ಲಿ ಹೋಯಿತೆಂದು ಕೊನೆಗೂ ಗೊತ್ತಾಗಲಿಲ್ಲ. ಅಮೆರಿಕದಲ್ಲಿ ಅದನ್ನು ವಿಮಾನಕ್ಕೆ ಹಾಕಿದ್ದು ನಿಜ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಮಾತ್ರ ಇಳಿಯಲಿಲ್ಲ. ಅದರೊಳಗೆ ಹನ್ನೊಂದು ಹುಡುಗಿಯರ ಬಿಳಿ ಉಡುಪುಗಳಿದ್ದವು. ಅವು ಬಂದು ತಲುಪಿದ್ದರೆ ಆ ಹುಡುಗಿಯರನ್ನು ನಾನು ನೋಡುತ್ತಲೇ ಇರಲಿಲ್ಲ.

ಮಕ್ಕಳೇ, ಇದು ನೀವು ಹುಟ್ಟುವ ಮೊದಲಿನ ಮಾತು. ಡಾಕ್ಟರಾಗಿದ್ದ ನಿಮ್ಮ ತಾತ ಆಗಲೇ ತೀರಿಕೊಂಡಿದ್ದರು. ನಿಮ್ಮಪ್ಪ ಲಫ್‌ಬರೋದಲ್ಲಿ ಓದುತ್ತಿದ್ದ. ಹ್ಯಾಂಡ್ಸ್‌ವರ್ತ್‌ನ ಮನೆಯಲ್ಲಿ ನಾನೊಬ್ಬಳೇ. ಸೋಹೊ ರೋಡಿನ ಒಂದು ಹೊಲಿಗೆ ಅಂಗಡಿಗೆ ಕೆಲಸಕ್ಕೆ ಸೇರಿಕೊಂಡಿದ್ದೆ. 'ಡಾಕ್ಟರ ಹೆಂಡತಿ ಈಗ ಕಂಡವರ ಪ್ಯಾಂಟಿನ ಕಾಲು ಮಡಿಸಿ ಹೊಲಿಯುತ್ತಾಳಂತೆ' ಎಂದು ನಮ್ಮವರು ಆಡಿಕೊಳ್ಳುವುದು ನನ್ನ ಕಿವಿಗೂ ಬೀಳುತ್ತಿತ್ತು. ಊರಿನ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದ ನನಗೆ ಬರುತ್ತಿದ್ದ ಕೆಲಸ ಅದೊಂದೇ. ಹೊಲಿಯುವಾಗ ಯಾರ ಜೊತೆಗೂ ಮಾತಾಡಬೇಕಾಗಿರಲಿಲ್ಲ. ಆಗ ನನಗೆ ಬೇಕಾಗಿದ್ದದ್ದೂ ಅದೇ.

ಅಂಗಡಿಯ ಒಡತಿ ಜಮೈಕಾದಿಂದ ಚಿಕ್ಕವರಿದ್ದಾಗ ಬಂದವರು. ದಪ್ಪ ದನಿ, ದಪ್ಪ ಕನ್ನಡಕ. ನನ್ನನ್ನು 'ಸಿಸ್ಟರ್' ಎನ್ನುತ್ತಿದ್ದರು. ಅವರು ಹೋಗುವ ಚರ್ಚಿನಲ್ಲಿ ಭಾನುವಾರ ಹಾಡಲು ಅಮೆರಿಕದ ಒಂದು ಕಾಲೇಜಿನ ಹುಡುಗಿಯರು ಬಂದಿದ್ದಾರೆಂದೂ, ಅವರ ಬಟ್ಟೆಯ ಪೆಟ್ಟಿಗೆ ಕಳೆದುಹೋಗಿದೆಯೆಂದೂ ಮಂಗಳವಾರ ಬೆಳಿಗ್ಗೆ ಹೇಳಿದರು. ಹೇಳುತ್ತಲೇ ಕತ್ತರಿಸುವ ಮೇಜನ್ನು ಖಾಲಿ ಮಾಡತೊಡಗಿದರು. ಅಷ್ಟರಲ್ಲಿ ನನಗೆ ಅರ್ಥವಾಯಿತು.

ಮಧ್ಯಾಹ್ನ ಹುಡುಗಿಯರು ಅಳತೆ ಕೊಡಲು ಬಂದರು. ಜೊತೆಗೆ ಅವರ ಸಂಗೀತದ ಮೇಡಂ. ಬೆಳ್ಳಗಾದ ಗಿಡ್ಡ ಕೂದಲು, ನೆಟ್ಟಗಿನ ಬೆನ್ನು. ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಆಕೆ ಬಾಯಿ ತೆರೆದರೆ ಸಾಕು, ಅಂಗಡಿಯೇ ಸುಮ್ಮನಾಗುತ್ತಿತ್ತು. ಎಲ್ಲರೂ ಇಂಗ್ಲಿಷಿನಲ್ಲೇ ಆಡಿದರು. ನನಗೆ ತಿಳಿದಷ್ಟನ್ನು ನಮ್ಮ ಮಾತಿನಲ್ಲಿ ಬರೆಯುತ್ತೇನೆ.

"ಪೂರ್ತಿ ಬಿಳಿ. ಮಂಡಿಯ ಕೆಳಗೆ ಬರಬೇಕು. ಲೇಸು ಬೇಡ, ಹೂವು ಬೇಡ, ಬಣ್ಣದ ಗುಂಡಿ ಬೇಡ. ಒಬ್ಬಳ ಉಡುಪಿನ ಮೇಲೆ ಇನ್ನೊಬ್ಬಳಿಗಿಲ್ಲದ ಒಂದು ಗುರುತೂ ಇರಕೂಡದು. ಇದ್ದರೆ ಅವಳು ಸಾಲಿನಲ್ಲಿ ನಿಲ್ಲುವ ಹಾಗಿಲ್ಲ" ಎಂದರು ಮೇಡಂ.

ಅಂಗಡಿಯೊಡತಿ, "ಇದು ಪರದೇಶ ಕಣಮ್ಮಾ, ಸ್ವಲ್ಪ ಸಡಿಲ ಬಿಡಿ" ಎಂದು ನಕ್ಕರು.

ಮೇಡಂ ನಗಲಿಲ್ಲ. ಅವರ ಕಾಲೇಜು ಕಪ್ಪು ಹೆಣ್ಣುಮಕ್ಕಳಿಗೆಂದೇ ಹುಟ್ಟಿದ್ದಂತೆ. ಬೇರೆ ಕಾಲೇಜುಗಳ ಬಾಗಿಲು ಅವರಿಗೆ ತೆರೆಯದಿದ್ದ ಕಾಲದಲ್ಲಿ. ಕಾಲೇಜು ಹುಟ್ಟಿದ ದಿನ ಎಲ್ಲಿದ್ದರೂ ಹೀಗೇ ಬಿಳಿ ಉಟ್ಟು ಸಾಲಾಗಿ ನಡೆದು ಹಾಡುತ್ತಾರೆ. ಈ ಸಲ ಆ ದಿನ ಇಲ್ಲಿನ ಭಾನುವಾರಕ್ಕೆ ಬಿದ್ದಿತ್ತು. "ನನ್ನಜ್ಜಿ ಬೇರೆಯವರ ಮನೆಯ ಬಟ್ಟೆ ಒಗೆದು ನನ್ನ ತಾಯಿಯನ್ನು ಅಲ್ಲಿ ಓದಿಸಿದಳು. ಆ ಸಾಲಿನಲ್ಲಿ ಬಟ್ಟೆ ಒಗೆಯುವವಳ ಮಗಳು ಯಾರು, ಡಾಕ್ಟರ ಮಗಳು ಯಾರು ಅಂತ ನೋಡಿದವರಿಗೆ ಗೊತ್ತಾಗಬಾರದು. ಅದಕ್ಕೇ ಬಿಳಿ" ಎಂದರು.

ನಾನು ಟೇಪು ಹಿಡಿದು ನಿಂತಿದ್ದೆ. ನಮ್ಮ ಕಡೆ ವಯಸ್ಸಿನ ಹುಡುಗಿಗೆ ಒಂದು ಬಣ್ಣದ ಗೆರೆಯೂ ಇಲ್ಲದ ಬಿಳಿ ಹಾಕುವುದಿಲ್ಲ. ಅದು ಯಾರಿಗೆ ಮೀಸಲೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅಳತೆ ತೆಗೆದುಕೊಳ್ಳತೊಡಗಿದೆ.

ಹನ್ನೊಂದು ಜನರಲ್ಲಿ ಒಬ್ಬಳು ಮಾತ್ರ ಎಲ್ಲರಿಗಿಂತ ಒಂದು ತಲೆ ಎತ್ತರ. ಅವಳ ಹೆಗಲಿಗೆ ಟೇಪು ಇಡಲು ನಾನು ಸ್ಟೂಲು ಹತ್ತಬೇಕಾಯಿತು. ಅವಳು ಮಂಡಿ ಬಗ್ಗಿಸಿ, "ಈಗ ಸರಿಯಾ, ಮ್ಯಾಮ್?" ಎಂದಳು. ಓದುತ್ತಿದ್ದದ್ದು ರಸಾಯನಶಾಸ್ತ್ರ. ಆದರೂ ಕವಿತೆ, ಇತಿಹಾಸ, ಸಂಗೀತ ಎಲ್ಲವೂ ಇತ್ತಂತೆ. ಇದು ಅವಳ ಕೊನೆಯ ವರ್ಷ. ಭಾನುವಾರದ ಮೊದಲ ಹಾಡನ್ನು ಎತ್ತಿಕೊಡಬೇಕಾದವಳು ಅವಳೇ. ಊರಿನಲ್ಲಿ ಹಾಸಿಗೆ ಹಿಡಿದಿದ್ದ ಅಜ್ಜಿಗೆ ಆ ಸಾಲಿನಲ್ಲಿ ನಿಂತ ಫೋಟೋ ಕಳಿಸುತ್ತೇನೆಂದು ಮಾತು ಕೊಟ್ಟು ಬಂದಿದ್ದಳು.

ಬಟ್ಟೆ ತರಲು ಹತ್ತಿರದ ಪಂಜಾಬಿ ಅಂಗಡಿಗೆ ಹೋದೆವು. ಅಷ್ಟೊಂದು ಬಿಳಿ ಪಾಪ್ಲಿನ್ ಕೇಳಿದ್ದಕ್ಕೆ ಅಂಗಡಿಯವನು ದನಿ ತಗ್ಗಿಸಿ, "ಆಂಟೀಜಿ, ಯಾರು ಹೋದರು?" ಎಂದ. ಸಾವಿನ ಮನೆಗೆ ಅವರು ಬಿಳಿ ಉಡುತ್ತಾರೆ.

"ಯಾರೂ ಹೋಗಿಲ್ಲ ಮಾರಾಯ, ಹನ್ನೊಂದು ಜನ ಬಂದಿದ್ದಾರೆ!" ಎಂದರು ಒಡತಿ.

ಸುತ್ತಿಟ್ಟ ಬಟ್ಟೆಯ ಥಾನು ಪೂರ್ತಿ ತೆಗೆದುಕೊಂಡೆವು. ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿದೆವು. ಹಾಗೆ ಮಾಡದಿದ್ದರೆ ಹೊಲಿದ ಮೇಲೆ ಬಟ್ಟೆ ಕುಗ್ಗುತ್ತದೆ. ಒಡತಿ ಕತ್ತರಿಸುವುದು, ನಾನು ಮೆಷಿನ್ನಿನ ಮೇಲೆ ಕೂಡಿಸುವುದು ಎಂದು ಹಂಚಿಕೊಂಡೆವು. ಎತ್ತರದ ಹುಡುಗಿಯದನ್ನು ಕೊನೆಗೆ ಇಟ್ಟುಕೊಂಡದ್ದು ತಪ್ಪಾಯಿತು. ಅವಳ ಲಂಗದ ಭಾಗಕ್ಕೆ ಬರುವಷ್ಟರಲ್ಲಿ ಥಾನು ಮುಗಿದಿತ್ತು. ಹೇಗೋ ಎಳೆದಾಡಿ ಮಂಡಿ ಮುಚ್ಚಿಸಿದೆವು. ಉಳಿದವರಿಗೆ ಅಂಚಿನಲ್ಲಿ ಅಗಲವಾದ ಮಡಿಕೆ ಇತ್ತು. ಅವಳಿಗೆ ಬೆರಳಗಲದ್ದು ಮಾತ್ರ. ಅದೇ ಬಿಳಿ ಮತ್ತೆ ಸಿಗಲಿಲ್ಲ. ಅಂಗಡಿಯಲ್ಲಿದ್ದ ಬೇರೆ ಬಿಳಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ನೀಲಿಯಾಗಿ ಕಾಣುತ್ತಿತ್ತು.

ಶುಕ್ರವಾರ ಅಂಚಿನ ಕೈಹೊಲಿಗೆ ಉಳಿದಿತ್ತು. ಇಬ್ಬರಿಂದ ಆಗುವುದಿಲ್ಲವೆಂದು ನಾನು ನನ್ನ ಗೆಳತಿಯನ್ನು ಕರೆದೆ. ಧಾರವಾಡದ ಕಡೆಯವಳು, ಗಂಡ ಆಸ್ಪತ್ರೆಯಲ್ಲಿ ಡಾಕ್ಟರು. ಎಂ.ಎ. ಓದಿದವಳು, ಇಂಗ್ಲಿಷ್ ನೀರು ಕುಡಿದಷ್ಟು ಸುಲಭ. ತಾತ ತೀರಿಕೊಂಡ ಮೇಲೆ ಉಳಿದವರು ಒಂದೊಂದು ಸಲ ಬಂದು ಹೋದರು. ಅವಳೊಬ್ಬಳು ಪ್ರತಿ ವಾರ ರೊಟ್ಟಿ ಕಟ್ಟಿಕೊಂಡು ಬರುತ್ತಿದ್ದಳು. ಅವಳ ಜೊತೆ ಮಾತ್ರ ನನಗೆ ಮಾತು ಬರುತ್ತಿತ್ತು.

ಬಂದವಳೇ ಎತ್ತರದ ಹುಡುಗಿಯ ಉಡುಪನ್ನು ಎತ್ತಿ ಹಿಡಿದು, "ಅಯ್ಯ, ಅಕ್ಕಾರ! ಇದು ಹುಡುಗೀದೇನ್ರಿ, ಲೈಟ್ ಕಂಬದ್ದೇನ್ರಿ? ಇದರಾಗ ನಮ್ಮನಿ ಕಿಟಕಿ ಪರದೆ ಎಲ್ಲಾ ಆಗ್ತಾವು" ಎಂದಳು.

"ಮೆತ್ತಗೆ ಮಾತಾಡು. ಉದ್ದ ನೋಡಲು ಬಂದವಳು ಅಲ್ಲೇ ಕೂತಿದ್ದಾಳೆ."

"ಕುಂತರ ಏನಾತು, ಅಕಿಗೆ ಕನ್ನಡ ಬರತೈತೇನು?" ಎಂದು ಆ ಹುಡುಗಿಯನ್ನು ನೋಡಿ ನಕ್ಕಳು. ಅವಳೂ ನಕ್ಕಳು. ಸ್ವಲ್ಪ ಹೊತ್ತಿನಲ್ಲೇ ಇಬ್ಬರೂ ಇಂಗ್ಲಿಷಿನಲ್ಲಿ ಅಡುಗೆಯ ಮಾತಿಗೆ ಇಳಿದಿದ್ದರು.

ಹುಡುಗಿ ಎದ್ದು ಹೋದ ಮೇಲೆ ಗೆಳತಿ ಸೂಜಿಗೆ ದಾರ ಪೋಣಿಸುತ್ತಾ, "ಖರೇ ಹೇಳ್ರಿ ಅಕ್ಕಾರ, ಹಿಂಗ ಬೋಳು ಬಿಳಿ ಹುಡುಗ್ಯಾರ ಮೈಮ್ಯಾಲೆ ನೋಡಿ ನಿಮಗ ಏನೂ ಅನಸೂದಿಲ್ಲ?" ಎಂದಳು.

"ಅವರಲ್ಲಿ ಹಾಗೆ. ನಮ್ಮದೇನು" ಎಂದೆ.

ಅವಳು ತಲೆ ತಗ್ಗಿಸಿ ಹೊಲಿಗೆಗೆ ತೊಡಗಿದಳು. ನಾನು ಬಸ್ಸಿಗೆ ಹೊತ್ತಾಯಿತೆಂದು ಹೊರಟೆ. ಕೊನೆಯ ಎರಡು ಅಂಚು ಮುಗಿಸಿ ಬರುತ್ತೇನೆಂದು ಅವಳು ಉಳಿದಳು.

ಹೊಸ ಬಟ್ಟೆ ಉಡುವ ಮೊದಲು ಅದರ ಮೂಲೆಗೆ ಅರಿಶಿನ ಕುಂಕುಮ ಹಚ್ಚುವುದು ನಿಮಗೂ ಗೊತ್ತು. ನಿಮ್ಮಮ್ಮ ನಿಮ್ಮ ಹುಟ್ಟುಹಬ್ಬದ ಅಂಗಿಯ ಕಾಲರಿಗೆ ಹಚ್ಚಿದರೆ ನೀವು 'ಸ್ಟೇನ್, ಸ್ಟೇನ್' ಎಂದು ಕೂಗುತ್ತೀರಿ. ನನ್ನ ಗೆಳತಿ ಮಾಡಿದ್ದೂ ಅದನ್ನೇ. ಬ್ಯಾಗಿನಲ್ಲಿದ್ದ ಅರಿಶಿನ ಕುಂಕುಮದ ಭರಣಿ ತೆಗೆದು, ಬೆರಳು ಒದ್ದೆ ಮಾಡಿಕೊಂಡು, ಹನ್ನೊಂದು ಉಡುಪಿಗೂ ಅಂಚಿನ ಒಳಮಗ್ಗುಲಿಗೆ ಒಂದೊಂದು ಬೊಟ್ಟು ಹಚ್ಚಿ ಹೋಗಿದ್ದಳು. ಒಳಗಿದ್ದದ್ದು ಯಾರಿಗೆ ಕಾಣುತ್ತದೆ ಎಂದುಕೊಂಡಿರಬೇಕು.

ಶನಿವಾರ ಬೆಳಿಗ್ಗೆ ಒಡತಿ ನನಗಿಂತ ಮೊದಲು ಬಂದು ಹಬೆ ಇಸ್ತ್ರಿ ಹಾಕಿದ್ದರು. ಹಬೆಗೆ ಬೊಟ್ಟು ಕರಗಿ ಬಟ್ಟೆಯ ಹೊರಗೆ ಬಂದಿತ್ತು. ನಾನು ಬಾಗಿಲು ತೆರೆದಾಗ ಹತ್ತು ಉಡುಪುಗಳು ಸಾಲಾಗಿ ತೂಗುತ್ತಿದ್ದವು. ಒಂದೊಂದರ ಕೆಳಗೂ ಹಳದಿ ಕಲೆ, ನಡುವೆ ಕೆಂಪು. ಇಸ್ತ್ರಿಪೆಟ್ಟಿಗೆಯ ತುಕ್ಕೆಂದು ತಿಳಿದು ಒಡತಿ ಎತ್ತರದ ಹುಡುಗಿಯ ಉಡುಪನ್ನು ಸಿಂಕಿಗೆ ಹಾಕಿ ಸೋಪಿನ ಬಿಲ್ಲೆ ಎತ್ತಿಕೊಂಡಿದ್ದರು.

ಅರಿಶಿನಕ್ಕೆ ಸೋಪು ತಾಕಿದರೆ ರಕ್ತದ ಬಣ್ಣಕ್ಕೆ ತಿರುಗುತ್ತದೆ. ನಮ್ಮಲ್ಲಿ ಬಟ್ಟೆ ಒಗೆದವರಿಗೆಲ್ಲ ಇದು ಗೊತ್ತು. ನನಗೆ ಕೂಗಬೇಕೆನಿಸಿತು. ಇಂಗ್ಲಿಷಿನಲ್ಲಿ ಹೇಗೆ ಹೇಳಲಿ ಎಂದು ಒಳಗೆ ಜೋಡಿಸಿಕೊಳ್ಳುವಷ್ಟರಲ್ಲಿ ಅವರು ಜೋರಾಗಿ ಉಜ್ಜಿಯಾಗಿತ್ತು. ಕಲೆ ಕೆಂಪಾಗಿ ಅಂಗೈಯಗಲ ಹರಡಿತು.

"ಓ ಲಾರ್ಡ್! ಸಿಸ್ಟರ್, ಇದೇನು?" ಎಂದು ಸೋಪನ್ನು ಕೈಬಿಟ್ಟರು.

"ಟರ್ಮರಿಕ್. ನನ್ನ ಗೆಳತಿ ಹಚ್ಚಿದ್ದು. ಒಳ್ಳೆಯದಾಗಲಿ ಅಂತ."

"ಒಳ್ಳೆಯದಾಗಲಿ ಅಂತಲಾ?" ಅವರು ಹನ್ನೊಂದನ್ನೂ ಒಂದು ಸಲ ನೋಡಿ ಕುರ್ಚಿಯ ಮೇಲೆ ಕೂತುಬಿಟ್ಟರು.

ಆಗಲೇ ಎತ್ತರದ ಹುಡುಗಿ ತನ್ನದನ್ನು ತೊಟ್ಟು ನೋಡಲು ಬಂದಳು. ನಾವು ಹೇಳುವ ಮೊದಲೇ ಸಿಂಕಿನೊಳಗೆ ನೋಡಿದಳು. ಮುಖ ಒಂದು ಕ್ಷಣ ಇಳಿಯಿತು. ಯಾರು, ಏನು, ಯಾಕೆ ಹಚ್ಚಿದ್ದೆಂದು ಒಡತಿ ಹೇಳಿದರು. ಆಮೇಲೆ, "ಟರ್ಮರಿಕ್ಕಾ? ಸೋಪಿಗೆ ಕೆಂಪಾಯಿತು ಅಂದರೆ ಹುಳಿಗೆ ವಾಪಸ್ಸು ಬರುತ್ತದೆ" ಎನ್ನುತ್ತಾ ಪಕ್ಕದ ಚಿಪ್ಸ್ ಅಂಗಡಿಗೆ ಓಡಿ, ಅಲ್ಲಿ ಚಿಪ್ಸಿನ ಮೇಲೆ ಚಿಮುಕಿಸುವ ವಿನೆಗರ್ ತಂದು ಸುರಿದಳು. ಕೆಂಪು ಹೋಗಿ ಹಳದಿಯಾಯಿತು. ಅವಳು ಚಪ್ಪಾಳೆ ತಟ್ಟಿದಳು. ಹಳದಿ ಮಾತ್ರ ಹೋಗಲಿಲ್ಲ, ಹರಡಿದಷ್ಟು ಅಗಲಕ್ಕೂ ನಿಂತಿತು.

"ಈಗ ನಾನು ಚಿಪ್ಸ್ ವಾಸನೆ ಹೊಡೆಯುತ್ತೇನೆ. ಪರವಾಗಿಲ್ಲ, ಫೋಟೋದಲ್ಲಿ ಅಜ್ಜಿಗೆ ಗೊತ್ತಾಗಲ್ಲ" ಎಂದಳು. ನಗಲು ನೋಡಿದಳು, ಆಗಲಿಲ್ಲ.

ಅರಿಶಿನದ ಕಲೆಯನ್ನು ತೆಗೆಯುವುದು ಬಿಸಿಲೊಂದೇ. ಹಿತ್ತಲಲ್ಲಿ ಹಗ್ಗ ಕಟ್ಟಿ ಹರವಿದೆವು. ಆಕಾಶ ಹಳೆಯ ಕಂಬಳಿಯ ಹಾಗೆ ಮುಚ್ಚಿಕೊಂಡಿತ್ತು. ಸ್ವಲ್ಪ ಹೊತ್ತಿನಲ್ಲಿ ಹನಿ ಬಿತ್ತು. ಎಲ್ಲವನ್ನೂ ಬಾಚಿಕೊಂಡು ಒಳಗೆ ಬಂದೆವು.

ಒಡತಿ ಫೋನ್ ಎತ್ತಿಕೊಂಡು, "ಮೇಡಂಗೆ ಹೇಳಿಬಿಡುತ್ತೇನೆ. ಏನಾದರೂ ಅನ್ನಲಿ" ಎಂದರು. ನಾನು ಬೇಡವೆಂದು ಕೈ ಆಡಿಸಿದೆ. ಆ ದಿನ ನಾನೇ ಒಂದು ತೀರ್ಮಾನಕ್ಕೆ ಬಂದೆ. ಹತ್ತು ಉಡುಪುಗಳಲ್ಲಿ ಕಲೆ ಅಂಚಿನ ಮಡಿಕೆಯ ಹತ್ತಿರವೇ ಇತ್ತು, ಲಂಗಗಳಿಗೆ ಉದ್ದವೂ ಇತ್ತು. ಕಲೆಯ ಮೇಲಕ್ಕೆ ಸುತ್ತಲೂ ಕತ್ತರಿಸಿ, ಸಣ್ಣ ಮಡಿಕೆ ಹಾಕಿ ಹೊಲಿದರೆ ಮಂಡಿ ಇನ್ನೂ ಮುಚ್ಚುತ್ತಿತ್ತು. "ಕಟ್" ಎಂದೆ. ಒಡತಿ ನನ್ನ ಮುಖ ನೋಡಿ ಫೋನ್ ಇಟ್ಟರು.

ಕತ್ತರಿ ನನ್ನ ಕೈಯಲ್ಲೇ ಇತ್ತು. ಒಂದೊಂದರಿಂದಲೂ ಬಳೆಯ ಹಾಗೆ ಒಂದು ಪಟ್ಟಿ ಬೀಳುತ್ತಿತ್ತು. ಅದನ್ನು ಪಕ್ಕದ ಬುಟ್ಟಿಗೆ ಹಾಕುತ್ತಿದ್ದೆ. ಹನ್ನೊಂದನೆಯದಕ್ಕೆ ಏನು ಮಾಡುವುದೆಂದು ಮಾತ್ರ ತೋಚಲಿಲ್ಲ. ಅದನ್ನು ಕಲೆಯ ಮೇಲಕ್ಕೆ ಕತ್ತರಿಸಿದರೆ ಮಂಡಿ ಕಾಣುತ್ತಿತ್ತು. ಆ ಹುಡುಗಿ ಮೂಲೆಯಲ್ಲಿ ಕೂತು ನೋಡುತ್ತಿದ್ದಳು.

ಆಗ ಬುತ್ತಿ ಹಿಡಿದುಕೊಂಡು ಗೆಳತಿ ಬಂದಳು. "ಎಲ್ಲಾರೂ ಹಸದಿರಬೇಕು, ಚಪಾತಿ, ಶೇಂಗಾ ಚಟ್ನಿ ತಂದೇನಿ" ಎನ್ನುತ್ತಾ ಬಂದವಳ ಕಣ್ಣು ಬುಟ್ಟಿಯ ಮೇಲೆ ಬಿತ್ತು. ಮೇಲಿನ ಪಟ್ಟಿಯಲ್ಲಿ ಬೊಟ್ಟು ಎದ್ದು ಕಾಣುತ್ತಿತ್ತು. ಡಬ್ಬಿಯನ್ನು ಮೇಜಿನ ಮೇಲೆ ಇಟ್ಟಳು.

"ಇದೇನ್ರಿ ಅಕ್ಕಾರ?"

"ಹೊರಗೆ ಬಂದುಬಿಟ್ಟಿದೆ ಕಣೇ. ಅವರಿಗೆ ಗುರುತು ಇರಬಾರದಂತೆ. ಇದ್ದರೆ ನಿಲ್ಲಿಸೋದಿಲ್ಲವಂತೆ."

"ಅದಕ್ಕ ಕುಂಕುಮ ಕತ್ತರಿಸಿ ಬುಟ್ಟ್ಯಾಗ ಒಗಿದ್ರಿ? ನನ್ನ ಒಂದು ಮಾತು ಕೇಳಬೇಕು ಅಂತ ಅನಸಲಿಲ್ಲ? ಆ ಮೇಡಂ ಅವರ ಜೋಡಿ ನಾ ಮಾತಾಡ್ತಿದ್ದೆ. ಇಂಗ್ಲಿಷಿನ್ಯಾಗ ತಿಳಿಸಿ ಹೇಳ್ತಿದ್ದೆ."

"ನಿನ್ನನ್ನ ಅವರ ಮುಂದೆ ತಪ್ಪಿತಸ್ಥಳ ಹಾಗೆ ನಿಲ್ಲಿಸೋದು ಬೇಡ ಅಂತ..."

"ತಪ್ಪಿತಸ್ಥಳು? ನಾನು?" ಅವಳು ಬುಟ್ಟಿಯ ಕಡೆ ಕೈ ತೋರಿಸಿದಳು. "ಹನ್ನೊಂದು ಹುಡುಗ್ಯಾರಿಗೆ ಚಲೋ ಆಗಲಿ ಅಂತ ಹಚ್ಚಿದ್ದು ತಪ್ಪೇನ್ರಿ? ಹೋಗಲಿ ಬಿಡ್ರಿ. ನಿಮಗ ಹೆಂಗ ತಿಳೀಬೇಕು. ನೀವು ಹಣಿಗೆ ಹಚ್ಚೂದು ಬಿಟ್ಟ ಮ್ಯಾಲೆ."

ಅಂಗಡಿಯಲ್ಲಿ ಅದು ಅರ್ಥವಾದದ್ದು ನಮ್ಮಿಬ್ಬರಿಗೇ. ಆಡಿದ ಮೇಲೆ ಅವಳ ಮುಖವೂ ಬಿಳುಚಿತು. ಆದರೆ ಮಾತು ಆಡಿ ಆಗಿತ್ತು. ನಾನು ಕತ್ತರಿ ಕೆಳಗಿಟ್ಟೆ. ಆಮೇಲೆ ಮತ್ತೆ ಎತ್ತಿಕೊಂಡು ಕೈಯಲ್ಲಿದ್ದ ಉಡುಪನ್ನು ಪೂರ್ತಿ ಕತ್ತರಿಸಿದೆ. ಅವಳು ಡಬ್ಬಿಯನ್ನು ಅಲ್ಲೇ ಬಿಟ್ಟು ಹೊರಟುಹೋದಳು. ಹಿಂದೆ ಹೋಗಿ ಕರೆಯಬಹುದಿತ್ತು. ಹತ್ತು ಅಂಚು ಹೊಲಿಯುವುದಿತ್ತು. ಹೋಗಲಿಲ್ಲ.

ಎತ್ತರದ ಹುಡುಗಿ ಎದ್ದು ಬಂದು ಬುಟ್ಟಿಯಿಂದ ಒಂದು ಪಟ್ಟಿ ಎತ್ತಿಕೊಂಡಳು. ಬೊಟ್ಟಿನ ಜಾಗ ಬಿಟ್ಟು ಉಳಿದದ್ದನ್ನು ಬೆರಳಲ್ಲಿ ಸವರಿದಳು. "ನನ್ನಜ್ಜಿ ಆಗಿದ್ದರೆ ಇವನ್ನೆಲ್ಲ ಒಂದಕ್ಕೊಂದು ಕೂಡಿಸುತ್ತಿದ್ದಳು. ಹಾಸಿಗೆ ಹಿಡಿಯುವ ಮೊದಲು ಹಳೆ ಬಟ್ಟೆಯ ತುಂಡು ಸೇರಿಸಿ ಹೊದಿಕೆ ಹೊಲಿಯುತ್ತಿದ್ದಳು. ತುಂಡು ಅಂತ ಒಂದನ್ನೂ ಎಸೆಯುತ್ತಿರಲಿಲ್ಲ" ಎಂದಳು.

ಅದೇ ಥಾನು, ಅದೇ ಬಿಳಿ. ಕಣ್ಣ ಮುಂದೆಯೇ ಇತ್ತು, ನಮಗಿಬ್ಬರಿಗೂ ಹೊಳೆದಿರಲಿಲ್ಲ. ಒಡತಿ ಎದ್ದು ನಿಂತರು.

ಪಟ್ಟಿಗಳ ಮಡಿಕೆ ಬಿಡಿಸಿ ಇಸ್ತ್ರಿ ಮಾಡಿದೆವು. ಬೊಟ್ಟಿರುವ ತುಂಡು ಕತ್ತರಿಸಿ ತೆಗೆದು, ಎಲ್ಲರದೂ ಇರಲಿ ಎಂದು ಅವಳು ಹೇಳಿದ್ದಕ್ಕೆ ಒಬ್ಬೊಬ್ಬ ಹುಡುಗಿಯ ಪಟ್ಟಿಯಿಂದ ಒಂದೊಂದು ಚೊಕ್ಕ ತುಂಡು ಆರಿಸಿದೆವು. ಜೋಡಣೆಯ ಅಂಚನ್ನು ಒಂದರೊಳಗೊಂದು ಮಡಚಿ ಎರಡು ಸಾಲು ಹೊಲಿದರೆ ಒಳಗೂ ಹೊರಗೂ ದಾರ ಬಿಡುವುದಿಲ್ಲ. ಎತ್ತರದ ಹುಡುಗಿಯ ಉಡುಪನ್ನು ಕಲೆಯ ಮೇಲಕ್ಕೆ ಕತ್ತರಿಸಿ ಈ ಪಟ್ಟಿಯನ್ನು ಸುತ್ತ ಕೂಡಿಸಿದೆವು. ಮೊದಲ ಸಲ ಲಂಗದ ಸುತ್ತಳತೆಗೆ ಪಟ್ಟಿ ಸಾಲದೆ ಬಟ್ಟೆ ಸುರುಟಿಕೊಂಡಿತು. ಬಿಚ್ಚಿದೆವು. ಇನ್ನೊಂದು ತುಂಡು ಸೇರಿಸಿ ಮತ್ತೆ ಹೊಲಿದೆವು. ಹುಡುಗಿ ತಾನೇ ಸೂಜಿ ಹಿಡಿದು ಒಳಮಗ್ಗುಲು ಹೊಲಿದಳು. ನಡುನಡುವೆ ಚಪಾತಿ ತಿಂದಳು. "ತಂದವರು ಯಾಕೆ ಹೋದರು?" ಎಂದು ಕೇಳಿದಳು. ಕೆಲಸವಿತ್ತು ಎಂದೆ. ನಾನು ಡಬ್ಬಿಗೆ ಕೈ ಹಾಕಲಿಲ್ಲ.

ಭಾನುವಾರ ಚರ್ಚಿನ ಹಿಂದಿನ ಕೋಣೆಯಲ್ಲಿ ಮೇಡಂ ಹನ್ನೊಂದು ಜನರನ್ನೂ ನಿಲ್ಲಿಸಿ ಒಬ್ಬೊಬ್ಬರನ್ನೇ ನೋಡುತ್ತಾ ಬಂದರು. ಕತ್ತು, ತೋಳು, ಗುಂಡಿ, ಅಂಚು. ಎತ್ತರದ ಹುಡುಗಿಯ ಹತ್ತಿರ ನಿಂತು ಬಗ್ಗಿದರು. ಜೋಡಣೆಗಳ ಮೇಲೆ ಬೆರಳು ಓಡಿಸಿದರು.

"ಇದೇನು?"

ಹುಡುಗಿ ನೇರ ನೋಡುತ್ತಾ, "ಎಲ್ಲರದೂ, ಮ್ಯಾಮ್" ಎಂದಳು. ಪಟ್ಟಿಯನ್ನು ಹಿಡಿದು ಒಂದೊಂದು ತುಂಡಿಗೂ ಒಬ್ಬೊಬ್ಬಳ ಹೆಸರು ಹೇಳತೊಡಗಿದಳು. ಹೆಸರು ಬಂದವಳು ಬಗ್ಗಿ ತನ್ನ ತುಂಡು ಯಾವುದೆಂದು ನೋಡುತ್ತಿದ್ದಳು.

"ಪೂರ್ತಿ ಬಿಳಿ, ಗುರುತಿರಬಾರದು ಅಂತ ಹೇಳಿದ್ದೆ."

"ಬಿಳಿಯೇ ಇದೆ, ಮ್ಯಾಮ್."

ಮೇಡಂ ನನ್ನ ಕಡೆ ತಿರುಗಿದರು. ಆಡದೆ ಬೇರೆ ದಾರಿ ಇರಲಿಲ್ಲ. ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದೆ: ಹೊಸ ಬಟ್ಟೆ, ಅರಿಶಿನ, ಒಳ್ಳೆಯದಾಗಲಿ ಎಂದು. ಆಮೇಲೆ ಕಲೆ. ಆಮೇಲೆ ಕತ್ತರಿ. ನಡುವೆ ಎಷ್ಟೋ ಸಲ ನಿಂತೆ. ಅವರು ಕಾದರು.

"ನಿಮ್ಮ ಮಕ್ಕಳ ಬಟ್ಟೆಗೂ ಹಚ್ಚುತ್ತೀರಾ?"

"ಹಚ್ಚುತ್ತೇವೆ. ಎಲ್ಲ ಹೊಸ ಬಟ್ಟೆಗೂ."

"ಇವರದನ್ನು ಕತ್ತರಿಸಿಬಿಟ್ಟಿರಿ."

"ನೀವು ಹೇಳಿದ್ದಿರಿ, ಮೇಡಂ. ಪೂರ್ತಿ ಬಿಳಿ."

"ಹೌದು. ನಾನೇ ಹೇಳಿದ್ದು" ಎಂದರು. ಸ್ವಲ್ಪ ಹೊತ್ತು ಆ ಅಂಚನ್ನು ಕೈಯಲ್ಲೇ ಹಿಡಿದುಕೊಂಡಿದ್ದರು. ಆಮೇಲೆ ಬಿಟ್ಟು, ಹುಡುಗಿಯ ಭುಜ ತಟ್ಟಿ, "ಹೋಗು. ನಿನ್ನ ಜಾಗದಲ್ಲಿ ನಿಲ್ಲು. ದನಿ ಮೇಲೆ ತೆಗೆದುಕೊಂಡು ಶುರುಮಾಡು" ಎಂದರು.

ಅವರು ಸಾಲಾಗಿ ನಡೆದು ಬಂದಾಗ ನಾನು ಕೊನೆಯ ಬೆಂಚಿನಲ್ಲಿ ಕೂತಿದ್ದೆ. ಹಾಡು ಚೆನ್ನಾಗಿತ್ತೆಂದು ಎಲ್ಲರೂ ಹೇಳಿದರು. ನನ್ನ ಕಣ್ಣು ಪೂರ್ತಿ ಆ ಅಂಚಿನ ಮೇಲೇ ಇತ್ತು. ಸುರುಟಿಕೊಳ್ಳಲಿಲ್ಲ. ಯಾರು ಯಾರ ಮಗಳೆಂದು ನನಗೂ ಗೊತ್ತಾಗಲಿಲ್ಲ. ಪಕ್ಕದಲ್ಲಿ ಗೆಳತಿಗೆಂದು ಹಿಡಿದಿಟ್ಟಿದ್ದ ಜಾಗ ಖಾಲಿಯೇ ಉಳಿಯಿತು.

ಮುಗಿದ ಮೇಲೆ ಎತ್ತರದ ಹುಡುಗಿ ಜನರನ್ನು ಸರಿಸಿಕೊಂಡು ನನ್ನ ಹತ್ತಿರ ಬಂದಳು. ಅಜ್ಜಿಗೆ ಕಳಿಸುವ ಫೋಟೋ ತೆಗೆಸಿಕೊಂಡಾಗಿತ್ತು. "ಆ ಹಳದಿ ಹಚ್ಚಿದವರು ಎಲ್ಲಿ? ಅವರಿಗೆ ಥ್ಯಾಂಕ್ಸ್ ಹೇಳಬೇಕು" ಎಂದಳು. ಬರಲಿಲ್ಲ ಎಂದೆ. "ಫೋನ್ ಮಾಡೋಣ" ಎಂದಳು. ನಿಮ್ಮಪ್ಪ ಕೊಡಿಸಿದ್ದ ಪುಟ್ಟ ಮೊಬೈಲಿನಲ್ಲಿ ನಂಬರು ಒತ್ತಿ, ಗಂಟೆ ಹೋಗುತ್ತಿರುವಾಗಲೇ ಅವಳ ಕೈಗೆ ಕೊಟ್ಟುಬಿಟ್ಟೆ.

ಆ ಕಡೆ ಗೆಳತಿ ಎತ್ತಿಕೊಂಡಳು. ಹುಡುಗಿ ಮಾತಾಡಿದಳು. ಹೇಗೆ ನಡೆದೆವು, ಏನು ಹಾಡಿದೆವು, ಚಪಾತಿ ಎಷ್ಟು ಚೆನ್ನಾಗಿತ್ತು, ಎಲ್ಲ. ಗೆಳತಿ ಏನೋ ಅಂದಿರಬೇಕು, ಹುಡುಗಿ ತಲೆ ಹಿಂದಕ್ಕೆ ಹಾಕಿ ನಕ್ಕಳು. "ಖಂಡಿತ, ಮ್ಯಾಮ್. ಮುಂದಿನ ಹೊಸ ಬಟ್ಟೆಗೆ ಹಚ್ಚಿಕೊಂಡೇ ಹಾಕುತ್ತೇನೆ" ಎಂದಳು. ಆಮೇಲೆ, "ನಿಮ್ಮ ಗೆಳತಿ ಇಲ್ಲೇ ಇದ್ದಾರೆ, ಕೊಡುತ್ತೇನೆ" ಎಂದು ಫೋನನ್ನು ನನ್ನ ಕೈಗಿಟ್ಟು ನನ್ನ ಮುಖವನ್ನೇ ನೋಡುತ್ತಾ ನಿಂತಳು.

ಕಿವಿಗೆ ಇಟ್ಟುಕೊಂಡೆ. ಆ ಕಡೆ ಗೆಳತಿ ಫೋನ್ ಇಟ್ಟುಬಿಟ್ಟಿದ್ದಳು.

ಹುಡುಗಿ ಇನ್ನೂ ನಗುತ್ತಲೇ ನಿಂತಿದ್ದಳು. "ಹೂಂ" ಎಂದೆ. ಸ್ವಲ್ಪ ಬಿಟ್ಟು, "ಆಯಿತು ಕಣೇ, ಡಬ್ಬಿ ನನ್ನ ಹತ್ತಿರವೇ ಇದೆ, ತೊಳೆದಿಟ್ಟಿದ್ದೇನೆ" ಎಂದೆ. ಆ ಹುಡುಗಿ ತಿರುಗಿ ತನ್ನವರ ಕಡೆ ಹೋಗುವವರೆಗೂ ಹಾಗೇ ಮಾತಾಡುತ್ತಾ ಇದ್ದೆ.